ಹಾರ್ನ್ ಮೂಕವಾಯ್ತೇ? ಕೊಳ್ಳುವ ಮುನ್ನ ಬಲ್ಬು ಹಿಡಿದು ನೋಡಿ!

ಆಗುಂಬೆ ಘಾಟಿಯಲ್ಲಿ 14 ತಿರುವು. ಕೆಳಗಿನಿಂದ ಹತ್ತಿ ಬರುವ ಮಿನಿ ಬಸ್ಸು ತಿರುವಿನ ಈಚೆಗೆ ಕಾಣುವುದಿಲ್ಲ. ಮಳೆಗಾಲದ ಮಂಜು ಕವಿದರಂತೂ ಎದುರಿಗೆ ಬಂದು ನಿಲ್ಲುವವರೆಗೂ ಕಾಣದು. ಅಲ್ಲಿ ಹಾರ್ನೇ ಡ್ರೈವರನ ಕಣ್ಣು.

ಅಂಥ ಘಾಟಿ ಇಳಿದು ಉಡುಪಿಗೆ ಹೋಗಬೇಕಿದ್ದ ಶಿವಮೊಗ್ಗದ ಗಾಂಧಿಬಜಾರಿನ ವರ್ತಕರೊಬ್ಬರ ಹಳೇ ವ್ಯಾನು ಹಿಂದಿನ ಸಂಜೆ ಇದ್ದಕ್ಕಿದ್ದಂತೆ ಮೂಕವಾಯ್ತು. ಗುಂಡಿ ಒತ್ತಿದರೆ ಸದ್ದಿಲ್ಲ, ಗದ್ದಲವಿಲ್ಲ. "ಹಾರ್ನ್ ಹೋಗಿದೆ ಯಜಮಾನ್ರೇ, ಜೋಡಿ ಹೊಸದು ಹಾಕ್ಸಿಬಿಡಿ" ಎಂದ ಅಂಗಡಿ ಹುಡುಗ. ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರು ಮಾತ್ರ ಒಪ್ಪಲಿಲ್ಲ. "ಹಾರ್ನ್ ಹೋಗಿದ್ಯೋ, ಅದಕ್ಕೆ ಕರೆಂಟೇ ಹೋಗ್ತಿಲ್ವೋ, ಮೊದ್ಲು ಅದನ್ನ ನೋಡಿ ಮಾರಾಯ್ರೆ!"

ಮಾತು ಸರಿಯೇ. ಹಾರ್ನಿನೊಳಗೆ ಇರುವುದಾದರೂ ಏನು? ಒಂದು ತಂತಿ ಸುತ್ತಿದ ಕಾಯಿಲ್, ಒಂದು ತೆಳು ಉಕ್ಕಿನ ತಗಡು, ಒಂದು ಜೊತೆ ಪಾಯಿಂಟು. ಕರೆಂಟು ಬಂದಾಗ ಕಾಯಿಲ್ ತಗಡನ್ನು ಎಳೆಯುತ್ತದೆ, ಎಳೆದ ಕೂಡಲೇ ಪಾಯಿಂಟು ಬಿಟ್ಟು ಕರೆಂಟು ತಪ್ಪುತ್ತದೆ, ತಗಡು ಹಿಂದಕ್ಕೆ ಚಿಮ್ಮುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗಾದರೆ ಅದೇ "ಪೇಂ".

ಮೊದಲ ಕೆಲಸ ಫ್ಯೂಸು. ಬಾಕ್ಸಿನ ಮುಚ್ಚಳದ ಮೇಲೆ ಹಾರ್ನಿನ ಗುರುತು ಇರುತ್ತದೆ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದು ಹಾಕಬೇಕು. ಸಿಗರೇಟಿನ ಬೇಗಡೆ ಕಾಗದ ಸುತ್ತಿ ತುರುಕುವ ಜಾಣರು ಊರಲ್ಲಿ ಇನ್ನೂ ಇದ್ದಾರೆ. ಮುಂದೆ ಸುಡುವುದು ಫ್ಯೂಸಲ್ಲ, ವಯರಿಂಗು! ಫ್ಯೂಸು ಸರಿಯಿದ್ದರೆ ಕಿವಿಗೊಡಿ. ರಿಲೇ ಇರುವ ಗಾಡಿಯಲ್ಲಿ ಗುಂಡಿ ಒತ್ತಿದಾಗ "ಟಿಕ್" ಎಂದರೆ ಗುಂಡಿ ಕೆಲಸ ಮಾಡುತ್ತಿದೆ. ದೋಷ ಅದರಾಚೆ ಹುಡುಕಿ.

ಡ್ರೈವರು ತಮ್ಮ ಮನೆಯಿಂದ ತಂದದ್ದು 12 ವೋಲ್ಟಿನ ಹಳೇ ಇಂಡಿಕೇಟರ್ ಬಲ್ಬು, ಅದಕ್ಕೆ ಎರಡು ತುಂಡು ವಯರು. ಹಾರ್ನಿನ ಪ್ಲಗ್ ಬಿಚ್ಚಿ ಬಲ್ಬಿನ ಒಂದು ವಯರು ಅಲ್ಲಿಗೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ. ಹುಡುಗ ಗುಂಡಿ ಒತ್ತಿದ. ಬಲ್ಬು ಝಗ್ಗನೆ ಉರಿಯಿತು. ಅಂದರೆ ಕರೆಂಟು ಹಾರ್ನಿನ ಬಾಗಿಲವರೆಗೂ ಬಂದಿದೆ. ಈಗ ಅದೇ ಎರಡನೇ ವಯರನ್ನು ಹಾರ್ನ್ ಕೂರಿಸಿದ ಪಟ್ಟಿಗೆ ಒತ್ತಿದರು. ಬಲ್ಬು ಸತ್ತಿತು! ಕಳ್ಳ ಸಿಕ್ಕಿದ. ಬೋಲ್ಟಿನ ಕೆಳಗೆ ತುಕ್ಕು ತಿಂದು ಅರ್ತ್ ತಪ್ಪಿತ್ತು. ಬೋಲ್ಟು ಬಿಚ್ಚಿ, ಉಪ್ಪುಕಾಗದದಲ್ಲಿ ಲೋಹ ಹೊಳೆಯುವಂತೆ ತಿಕ್ಕಿ, ಬಿಗಿದು, ಮೇಲೆ ಚೂರು ಗ್ರೀಸು. ಹಾರ್ನ್ ಬೀದಿಯೇ ಬೆಚ್ಚುವಂತೆ ಕೂಗಿತು. ಖರ್ಚಾದದ್ದು ಒಂದು ಹಾಳೆ ಉಪ್ಪುಕಾಗದ.

ಎಲ್ಲ ಗಾಡಿಯೂ ಒಂದೇ ಥರ ಅಲ್ಲ. ಕೆಲವು ಹಳೇ ಗಾಡಿಗಳಲ್ಲಿ ಹಾರ್ನಿಗೆ ಕರೆಂಟು ಸದಾ ಬಂದಿರುತ್ತದೆ, ಗುಂಡಿ ಒತ್ತಿದಾಗ ಅರ್ತ್ ಸೇರುತ್ತದೆ. ಇನ್ನೊಂದು ಮಾತು. ತೀರಾ ಸಣ್ಣ ಬಲ್ಬು ಹಿಡಿದರೆ ಮೋಸ ಹೋಗಬಹುದು. ಹಳಸಿದ ವಯರು ಸಣ್ಣ ಬಲ್ಬನ್ನು ಉರಿಸೀತು, ಆದರೆ ನಾಲ್ಕಾರು ಆಂಪಿಯರು ಕೇಳುವ ಹಾರ್ನನ್ನು ಕೂಗಿಸಲಾರದು.

ಧ್ವನಿ ಗೊಗ್ಗರಾಗಿದ್ದರೆ ಒಳಗೆ ನೀರೋ ಕೆಸರೋ ಸೇರಿದೆ ಎಂದು ಮೊದಲ ಅನುಮಾನ. ಮಲೆನಾಡಿನ ಮಳೆಯಲ್ಲಿ ಇದು ಮಾಮೂಲು. ಹಾರ್ನಿನ ಬಾಯಿ ಕೆಳಮುಖವಾಗಿರಲಿ. ಆಮೇಲೂ ಗೊರಗೊರ ಎಂದರೆ ಹಿಂಬದಿಯ ಸಣ್ಣ ಸ್ಕ್ರೂ ಕಾಲು ಸುತ್ತು ಆಚೀಚೆ ಮಾಡಿ ನೋಡಬಹುದು. ಮೊದಲಿದ್ದ ಜಾಗಕ್ಕೆ ಬಣ್ಣದ ಗುರುತು ಹಾಕಿಕೊಳ್ಳದೆ ತಿರುಗಿಸುವವರು ಆಮೇಲೆ ಪೇಚಾಡುತ್ತಾರೆ. ಮಧ್ಯರಾತ್ರಿ ತಾನಾಗಿ ಹೊಡೆದುಕೊಳ್ಳತೊಡಗಿದರೆ? ಫ್ಯೂಸು ಕೀಳಿ, ನೆರೆಯವರು ಕಲ್ಲು ಎತ್ತುವ ಮುಂಚೆ!

ಕೈ ಹಾಕಬಾರದ ಜಾಗ ಒಂದಿದೆ. ಅದು ಏರ್‌ಬ್ಯಾಗ್ ಇರುವ ಸ್ಟೀರಿಂಗು. 2019ರ ಜುಲೈಯಿಂದ ಹೊಸ ಕಾರುಗಳಿಗೆಲ್ಲ ಡ್ರೈವರನ ಏರ್‌ಬ್ಯಾಗ್ ಕಡ್ಡಾಯ. ಹಾರ್ನ್ ಗುಂಡಿಯ ಹಿಂದೆಯೇ ಅದು ಮಡಿಚಿ ಕೂತಿರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಿ ಅದು ಸಿಡಿದರೆ ಮುಖವೇ ಹೋದೀತು. ಹಾರ್ನ್ ಮೂಕವಾಗಿ ಜೊತೆಗೆ ಏರ್‌ಬ್ಯಾಗಿನ ಕೆಂಪು ದೀಪವೂ ಹತ್ತಿದ್ದರೆ ಸ್ಟೀರಿಂಗಿನೊಳಗಿನ ಸುರುಳಿ ವಯರಿನ ಮೇಲೆ ಅನುಮಾನ. ಅದು ಬಲ್ಲ ಮೆಕ್ಯಾನಿಕ್ಕಿನ ಕೆಲಸ.

ಹಾರ್ನ್ ನಿಜವಾಗಿಯೂ ಸತ್ತಿದ್ದರೆ ಹೊಸದು ತರಲೇಬೇಕು. ಆಗ ರಾಗ ಹಾಡುವ ಹಾರ್ನಿಗೆ ಮರುಳಾಗಬೇಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ಅದಕ್ಕೆ ಒಪ್ಪುವುದಿಲ್ಲ.

ವರ್ತಕರು ಮರುದಿನ ಬೆಳಗಿನ ಜಾವವೇ ಹೊರಟರು. ಪ್ರತಿ ತಿರುವಿನಲ್ಲೂ ಒತ್ತಿ, ಕೆಳಗಿನಿಂದ ಉತ್ತರ ಕೇಳಿಸಿಕೊಂಡು, ಸುಖವಾಗಿ ಘಾಟಿ ಇಳಿದರು. ಊರಿಗೆ ಬಂದ ಮೇಲೂ ಆ ಚಟ ಬಿಟ್ಟಿಲ್ಲ, ಗಾಂಧಿಬಜಾರಿನೊಳಗೂ ಒತ್ತುತ್ತಲೇ ಇದ್ದಾರೆ ಎಂಬುದು ಪಕ್ಕದ ಅಂಗಡಿಯವರ ದೂರು.