ಮೂರು ವರ್ಷಕ್ಕೆ 12 ಸೂಜಿ

ಮುಂಬೈನ ವಿಕ್ರೋಳಿಯಿಂದ ಘಾಟ್‌ಕೋಪರ್‌ಗೆ ಲೋಕಲ್ ರೈಲಿನ ಎರಡನೇ ದರ್ಜೆ ಟಿಕೆಟ್ 5 ರೂಪಾಯಿ, ಹೋಗಿಬರಲು 10. ವಿಕ್ರೋಳಿಯ ಕನ್ನಮ್ವಾರ್ ನಗರದ ಮಹಿಳೆಯೊಬ್ಬರು ಘಾಟ್‌ಕೋಪರ್‌ನಲ್ಲಿರುವ ಪಾಲಿಕೆಯ ರಾಜಾವಾಡಿ ಆಸ್ಪತ್ರೆಗೆ ಹೋಗಿ ಗರ್ಭನಿರೋಧಕ ಸೂಜಿ ಹಾಕಿಸಿಕೊಳ್ಳುತ್ತಾರೆ ಎಂದಿಟ್ಟುಕೊಳ್ಳೋಣ. ಮೂರು ತಿಂಗಳಿಗೊಂದರಂತೆ 3 ವರ್ಷಕ್ಕೆ 12 ಸೂಜಿ, ರೈಲಿನ ಖರ್ಚು 120 ರೂಪಾಯಿ. ಸರ್ಕಾರಿ ‘ಅಂತರಾ’ ಕಾರ್ಯಕ್ರಮದಲ್ಲಿ ಔಷಧಿಗೆ ಹಣವಿಲ್ಲ. ಆದರೆ ಪ್ರತಿ ಸಲ ಅರ್ಧ ದಿನದ ಕೆಲಸ ತಪ್ಪಿದರೆ 6 ದಿನದ ಕೂಲಿ ಹೋಗುತ್ತದೆ. ದಿನಗೂಲಿಯವರಿಗೆ ಈ ಸೂಜಿಯ ನಿಜವಾದ ಬೆಲೆ ಅದೇ.

‘ಅಂತರಾ’ 2017ರ ಜುಲೈನಲ್ಲಿ ಮಹಾರಾಷ್ಟ್ರ, ಕರ್ನಾಟಕ ಸೇರಿ 10 ರಾಜ್ಯಗಳಲ್ಲಿ ಆರಂಭವಾಯಿತು. ಒಂದು ಸೂಜಿಯಲ್ಲಿರುವುದು 150 ಮಿಲಿಗ್ರಾಂ ಮೆಡ್ರಾಕ್ಸಿಪ್ರೊಜೆಸ್ಟರಾನ್. ಇದು ಪ್ರೊಜೆಸ್ಟಿನ್, ಅಂದರೆ ದೇಹದ ಪ್ರೊಜೆಸ್ಟರಾನ್ ಹಾರ್ಮೋನಿನಂತೆ ಕೆಲಸ ಮಾಡಿ ಅಂಡ ಬಿಡುಗಡೆಯನ್ನು ತಡೆಯುವ ಕೃತಕ ಹಾರ್ಮೋನು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಸೂಜಿ ಬಳಸುವವರು 2015-16ರಲ್ಲಿ ಶೇ 0.2, 2019-21ರಲ್ಲಿ ಶೇ 0.6.

ಮೂರು ಪಟ್ಟು ಹೆಚ್ಚಳವೆನ್ನಬಹುದು, ಆದರೆ ಅದೇ ಅವಧಿಯಲ್ಲಿ ಮಹಿಳೆಯರ ಸಂತಾನಹರಣ ಶಸ್ತ್ರಚಿಕಿತ್ಸೆ ಶೇ 36.0ರಿಂದ 37.9ಕ್ಕೆ ಏರಿತು. ಮಹಾರಾಷ್ಟ್ರದಲ್ಲಿ ಅದು ಶೇ 50.7ರಿಂದ 49.1ಕ್ಕೆ ಇಳಿದಿದ್ದರೆ, ಕರ್ನಾಟಕದಲ್ಲಿ ಶೇ 48.6ರಿಂದ 57.4ಕ್ಕೆ ಹೋಗಿದೆ. ವಿಕ್ರೋಳಿಯ ಕನ್ನಡ ಮನೆಗಳಿಗೆ ಈ ಎರಡೂ ರಾಜ್ಯಗಳ ರೂಢಿ ಪರಿಚಿತ. ಗಂಡಸರ ಶಸ್ತ್ರಚಿಕಿತ್ಸೆ ದೇಶದಲ್ಲಿ ಎರಡೂ ಸಲ ಶೇ 0.3. ಈ ಭಾರವನ್ನು ಹೊತ್ತಿರುವುದು ಯಾರು ಎಂಬುದಕ್ಕೆ ಬೇರೆ ಲೆಕ್ಕ ಬೇಕಿಲ್ಲ.

ಚರ್ಮದಡಿ ಕೊಡುವ ಹೊಸ ಸೂಜಿಯಲ್ಲಿ ಅದೇ ಔಷಧಿ 104 ಮಿಲಿಗ್ರಾಂ ಇರುತ್ತದೆ. ಸ್ನಾಯುವಿಗೆ ಕೊಡುವ ಸೂಜಿಗಿಂತ ಇದು ಸುಮಾರು ಶೇ 31 ಕಡಿಮೆ. 3 ವರ್ಷದ ಮೊತ್ತ 1,800ರಿಂದ 1,248 ಮಿಲಿಗ್ರಾಂಗೆ ಇಳಿಯುತ್ತದೆ. ತರಬೇತಿ ಸಿಕ್ಕರೆ ಮಹಿಳೆಯೇ ಮನೆಯಲ್ಲಿ ಚುಚ್ಚಿಕೊಳ್ಳಬಹುದು. ಆಗ ಆ 6 ದಿನದ ಬಹುಪಾಲು ಉಳಿಯುತ್ತದೆ.

ತೋಳಿನ ಚರ್ಮದಡಿ ಇಡುವ ಇಂಪ್ಲಾಂಟ್ ಬೆಂಕಿಕಡ್ಡಿಯಷ್ಟು ಉದ್ದದ ಒಂದು ಕಡ್ಡಿ. ಅದರಲ್ಲಿರುವುದು 68 ಮಿಲಿಗ್ರಾಂ ಎಟೊನೊಜೆಸ್ಟ್ರೆಲ್ ಎಂಬ ಇನ್ನೊಂದು ಪ್ರೊಜೆಸ್ಟಿನ್. ಬಾಳಿಕೆ 3 ವರ್ಷ. ಔಷಧಿ ಬೇರೆಯಾದ್ದರಿಂದ ತೂಕವನ್ನು ಸೂಜಿಯೊಂದಿಗೆ ಹೋಲಿಸುವಂತಿಲ್ಲ, ಭೇಟಿಗಳನ್ನು ಹೋಲಿಸಬಹುದು: ಇಡಿಸಲು 1, ತೆಗೆಸಲು 1. ಸರ್ಕಾರಿ ವ್ಯವಸ್ಥೆಯಲ್ಲಿ ಇದನ್ನು ಮೊದಲು ಕೆಲವೇ ಜಿಲ್ಲೆಗಳಲ್ಲಿ ತರಲಾಯಿತು. ಕರ್ನಾಟಕದಲ್ಲಿ ಅವು ಬೆಂಗಳೂರು ಮತ್ತು ಬೀದರ್.

ತಪ್ಪುವ ಕೂಲಿಯನ್ನೂ ಲೆಕ್ಕಕ್ಕೆ ಹಿಡಿದರೆ ಗರ್ಭನಿರೋಧಕ ಮಾತ್ರೆ ಈ ಎಲ್ಲಕ್ಕಿಂತ ಅಗ್ಗ. ಆಶಾ ಕಾರ್ಯಕರ್ತೆ ಮನೆಗೆ ತಂದುಕೊಟ್ಟರೆ ಒಂದು ತಿಂಗಳ ಪಟ್ಟಿಗೆ 1 ರೂಪಾಯಿ, ಅಂದರೆ 3 ವರ್ಷದ 39 ಪಟ್ಟಿಗೆ 39 ರೂಪಾಯಿ. ಆದರೆ ನೆನಪಿಟ್ಟು ನುಂಗಬೇಕಾದ ಮಾತ್ರೆಗಳು 1,092.

ಈ ನೆನಪಿನ ಹೊರೆಯೇ ವೈಫಲ್ಯದ ಅಂಕಿಗಳಲ್ಲಿ ಕಾಣುತ್ತದೆ. ಒಂದು ದಿನವೂ ತಪ್ಪದಿದ್ದರೆ ಮಾತ್ರೆ ನುಂಗುವ 1,000 ಮಹಿಳೆಯರಲ್ಲಿ ವರ್ಷಕ್ಕೆ 3 ಮಂದಿ ಬಸಿರಾಗುತ್ತಾರೆ. ದಿನನಿತ್ಯದ ಬದುಕಿನಲ್ಲಿ ಸುಮಾರು 70. ಸೂಜಿಗೆ ಇದೇ ಅಂಕಿ 2 ಮತ್ತು 40. ಇಂಪ್ಲಾಂಟ್‌ನಲ್ಲಿ ಎರಡೂ ಸುಮಾರು 1, ಏಕೆಂದರೆ ಮರೆಯಲು ಅಲ್ಲಿ ಏನೂ ಇಲ್ಲ.

ಸೂಜಿಗೂ ಇಂಪ್ಲಾಂಟ್‌ಗೂ ಮುಟ್ಟು ಏರುಪೇರಾಗುತ್ತದೆ. ಸೂಜಿಯಲ್ಲಿ ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಮಹಿಳೆಯರಿಗೆ ಮುಟ್ಟು ನಿಂತಿರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಹೆದರಿ ಬಿಟ್ಟುಬಿಡುತ್ತಾರೆ. ಹೇಳಲೇಬೇಕಾದ ಇನ್ನೊಂದು ಲೆಕ್ಕವೂ ಇದೆ. ಕಡ್ಡಿ ತೆಗೆಸಿದರೆ ಗರ್ಭಧಾರಣೆಯ ಶಕ್ತಿ ಬೇಗ ಮರಳುತ್ತದೆ. ಕೊನೆಯ ಸೂಜಿಯ ನಂತರ ಅದಕ್ಕೆ ಸಾಮಾನ್ಯವಾಗಿ 7ರಿಂದ 10 ತಿಂಗಳು ಬೇಕು. 2028ರ ಜೂನ್‌ನಲ್ಲಿ ಬಸಿರಾಗಬೇಕೆಂದಿರುವವರು ಕೊನೆಯ ಸೂಜಿಯನ್ನು 2027ರ ಆಗಸ್ಟ್‌ನೊಳಗೆ ಹಾಕಿಸಿಕೊಂಡಿರಬೇಕು.