ಮಂಕಿಪಾಕ್ಸ್: ಮಂಗ್ಯಾನ ಮ್ಯಾಲ ಯಾಕ್ರೀ ಸಿಟ್ಟು?

ಮಂಕಿಪಾಕ್ಸ್ ಅಂದ ಕೂಡಲೇ ನಮ್ಮ ಗಂಗಾವತಿ ಕಡೆಯವರ ಕಣ್ಣು ಹೋಗುವುದು ಆನೆಗುಂದಿ ಹತ್ತಿರದ ಅಂಜನಾದ್ರಿ ಬೆಟ್ಟಕ್ಕೆ. ದರ್ಶನಕ್ಕೆ ಹೋದವರ ಕೈಯಿಂದ ಬಾಳೆಹಣ್ಣು ಕಸಿಯುವುದು ಅಲ್ಲಿಯ ಮಂಗಗಳ ನಿತ್ಯದ ಕಸುಬು. 'ಇವಕ್ಕ ಬ್ಯಾನಿ ಬಂದ್ರ ನಮ್ಮ ಗತಿ ಏನ್ರೀ?' ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇವೆ: ಇದರಲ್ಲಿ ಆ ಮಂಗಗಳ ತಪ್ಪು ಏನೂ ಇಲ್ಲ. (ಕಚ್ಚಿದರೆ ಮಾತ್ರ ಹುಚ್ಚುನಾಯಿ ರೋಗದ ಇಂಜೆಕ್ಷನ್ ಬೇಕು. ಅದು ಬೇರೆ ಮಾತು.)

1958ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಪ್ರಯೋಗಶಾಲೆಯಲ್ಲಿ ಸಾಕಿದ್ದ ಮಂಗಗಳ ಮೈಮೇಲೆ ಈ ಗುಳ್ಳೆ ಮೊದಲು ಕಂಡಿತು, ಹೆಸರು ಅಂಟಿಕೊಂಡಿತು. 2022ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು 'ಎಂಪಾಕ್ಸ್' ಎಂದು ಬದಲಿಸಿತು. ಶಿವಮೊಗ್ಗ ಕಡೆಯ 'ಮಂಗನ ಕಾಯಿಲೆ' ಬೇರೆಯೇ. ಅದು 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಉಣ್ಣೆ ಕಚ್ಚಿ ಬರುವಂಥದ್ದು.

ಮಂಗಳೂರು ಬಸ್ಸಿನ ನಂಟು

ಹಾಗಾದರೆ ನಮಗೇಕೆ ಚಿಂತೆ? ಕುಷ್ಟಗಿ, ಯಲಬುರ್ಗಾ ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಹೊತ್ತು ನಿಂತು ನೋಡಿ. ಗಂಟುಮೂಟೆ, ಮಕ್ಕಳ ಸಮೇತ ಮಂಗಳೂರು, ಗೋವಾ, ಬೆಂಗಳೂರಿಗೆ ದುಡಿಯಲು ಹೊರಟ ಜನ. 2025ರ ಜನವರಿಯಲ್ಲಿ ದುಬೈಯಿಂದ ಅದೇ ಮಂಗಳೂರಿಗೆ ಬಂದಿಳಿದ ಒಬ್ಬರಿಗೆ ಈ ರೋಗ ಇರುವುದನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಖಚಿತಪಡಿಸಿತು. ಅವರನ್ನು ಬೇರೆಯಿರಿಸಿ ಚಿಕಿತ್ಸೆ ಕೊಟ್ಟರು. 2024ರ ಆಗಸ್ಟಿನಲ್ಲಿ ಸಾರಿದ್ದ ಜಾಗತಿಕ ತುರ್ತುಸ್ಥಿತಿಯನ್ನು 2025ರ ಸೆಪ್ಟೆಂಬರಿನಲ್ಲಿ ತೆಗೆದುಹಾಕಿದರು. ರೋಗ ಮಾತ್ರ ಜಗತ್ತು ಬಿಟ್ಟು ಹೋಗಿಲ್ಲ.

ಅಜ್ಜನ ತೋಳು ನೋಡ್ರಿ

'ಇಂಜೆಕ್ಷನ್ ಎಲ್ಲಿ ಹಾಕ್ತಾರ್ರೀ?' ಇದು ಅಂಗಡಿಕಾರರ ಪ್ರಶ್ನೆ. ಊರವರಿಗೆಲ್ಲ ಹಾಕುವ ಲಸಿಕೆ ಕಾರ್ಯಕ್ರಮ ನಮ್ಮಲ್ಲಿಲ್ಲ. ಆದರೆ ಮನೆಯ ಹಿರಿಯರ ತೋಳಿನ ಮೇಲೆ ಒಂದು ಕಲೆ ಕಂಡೀತು. 1997ಕ್ಕೆ ಮೊದಲು ಈ ನಾಲ್ಕೂ ತಾಲೂಕು ರಾಯಚೂರು ಜಿಲ್ಲೆಗೆ ಸೇರಿದ್ದವಲ್ಲ, ಆ ಕಾಲದಲ್ಲಿ ಸಿಡುಬಿಗೆ ಚುಚ್ಚಿದ ಗುರುತು ಅದು. ಆ ಲಸಿಕೆ ಸಿಡುಬಿನ ದಾಯಾದಿಯಾದ ಮಂಕಿಪಾಕ್ಸನ್ನೂ ನೂರಕ್ಕೆ 85ರಷ್ಟು ತಡೆಯುತ್ತಿತ್ತು ಎನ್ನುವುದು ಆಫ್ರಿಕದಲ್ಲಿ ಹಾಕಿದ ಲೆಕ್ಕ. 1977ರಲ್ಲಿ ಭಾರತಕ್ಕೆ ಸಿಡುಬುಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು, ಮುಂದೆ ಚುಚ್ಚುವುದೂ ನಿಂತಿತು.

1980ರ ಈಚೆ ಹುಟ್ಟಿದ ಹುಡುಗರು 'ನಮಗೂ ಕಲಿ ಐತ್ರೀ' ಎಂದು ಅಂಗಿ ಸರಿಸಿದರೆ ನಂಬಬೇಡಿ. ಅದು ಕ್ಷಯಕ್ಕೆ ಹಾಕಿದ ಬಿಸಿಜಿ ಗುರುತು. ಹಳೇ ಕಲೆಯವರೂ ಎದೆಯುಬ್ಬಿಸಬೇಕಿಲ್ಲ, ವರ್ಷ ಕಳೆದಂತೆ ಅದರ ಬಲ ಕುಂದುತ್ತದೆ.

ಅಮ್ಮ ಅಂತ ಮುಚ್ಚಿಡಬ್ಯಾಡ್ರಿ

ಮೈಮೇಲೆ ಗುಳ್ಳೆ ಎದ್ದರೆ 'ಅಮ್ಮ ಬಂದಾಳ' ಎಂದು ಬೇವಿನ ಸೊಪ್ಪು ಕಟ್ಟಿ ಬಾಗಿಲು ಹಾಕುವುದು ನಮ್ಮ ವಾಡಿಕೆ. ಭಕ್ತಿಗೆ ಯಾರ ಅಡ್ಡಿಯೂ ಇಲ್ಲ, ಬೇರೆಯಿರಿಸುವುದಂತೂ ಒಳ್ಳೆಯದೇ. ಆದರೆ ಜ್ವರ, ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಗಂಟು, ಅಂಗೈ ಅಂಗಾಲಿಗೂ ಗುಳ್ಳೆ ಕಂಡರೆ ತಾಲೂಕು ಆಸ್ಪತ್ರೆಗೆ ಹೋಗಿ. ಏನೂ ತೋಚದಿದ್ದರೆ ಫೋನಿನಲ್ಲಿ 104 ಒತ್ತಿ.

ಬಸ್ಸಿನಲ್ಲಿ ಪಕ್ಕ ಕುಳಿತ ಮಾತ್ರಕ್ಕೆ, ಗಿರಾಕಿಯ ನೋಟು ಎಣಿಸಿದ ಮಾತ್ರಕ್ಕೆ ಸುಲಭವಾಗಿ ಹತ್ತುವ ರೋಗವಲ್ಲ ಇದು. ಮೈಗೆ ಮೈ ತಾಗಿ, ಲೈಂಗಿಕ ಸಂಪರ್ಕದಿಂದ, ರೋಗಿಯ ಹಾಸಿಗೆ-ಟವೆಲ್ ಬಳಸಿ ಹರಡುತ್ತದೆ. ಇಂಥ ಮಾತು ಬಂದಲ್ಲಿ ನಮ್ಮ ಜನ ನಾಚಿ ಬಾಯಿ ಮುಚ್ಚಿಬಿಡುತ್ತಾರೆ, ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ.

ಇನ್ನೊಂದು ತೊಡಕು ಪಗಾರದ್ದು. ಹಕ್ಕಳೆ ಉದುರಿ ಹೊಸ ಚರ್ಮ ಬರುವವರೆಗೆ, ಅಂದರೆ 2ರಿಂದ 4 ವಾರ, ರೋಗಿ ಬೇರೆಯಿರಬೇಕು. ನೌಕರಿಯವರಿಗೆ ರಜೆ ಸಿಕ್ಕೀತು. ಗುಳ್ಳೆ ಹೊತ್ತು ಊರಿಗೆ ಇಳಿದ ಯಲಬುರ್ಗಾದ ಕೂಲಿಯವನಿಗೆ ಅಷ್ಟು ದಿನದ ಪಗಾರ ಯಾರು ಕೊಡುತ್ತಾರೆ? ಆರೋಗ್ಯ ಇಲಾಖೆ, ಕಾರ್ಮಿಕ ಇಲಾಖೆಯವರು ಒಂದು ಕಡೆ ಕೂತು ಇದನ್ನು ಇತ್ಯರ್ಥ ಮಾಡಲಿ. ಇಲ್ಲವಾದರೆ ಅವನು ತುಂಬುತೋಳಿನ ಅಂಗಿ ಹಾಕಿಕೊಂಡು ಮರುದಿನವೇ ಕೆಲಸಕ್ಕೆ ನಿಲ್ಲುತ್ತಾನೆ.