ವ್ಯೋಮಾನ್ವೇಷಣೆಯಲ್ಲಿ ಸರಕಾರ ಮತ್ತು ಕಂಪೆನಿ: ದಶವಂದದ ನ್ಯಾಯ

ವ್ಯೋಮಾನ್ವೇಷಣೆಯು ಸರಕಾರದ ಸಂಸ್ಥೆಗಳು ನಡಸತಕ್ಕ ಕಾರ್ಯವೋ ಖಾಸಗಿ ಕಂಪೆನಿಗಳು ನಡಸತಕ್ಕ ಕಾರ್ಯವೋ ಎಂಬ ಚರ್ಚೆಯು ಈಚೆಗೆ ಹಲವು ದೇಶಗಳಲ್ಲಿ ಪ್ರಬಲವಾಗಿದೆ. ಒಂದು ಪಕ್ಷದವರು ಕಂಪೆನಿಗಳ ಮಿತವ್ಯಯವನ್ನೂ ಶೀಘ್ರಗತಿಯನ್ನೂ ಕೊಂಡಾಡುವರು. ಮತ್ತೊಂದು ಪಕ್ಷದವರು ಲಾಭವನ್ನೆಣಿಸದ ಜ್ಞಾನಾರ್ಜನೆಯು ಸರಕಾರದಿಂದಲ್ಲದೆ ಸಾಧ್ಯವಿಲ್ಲವೆನ್ನುವರು. ವಿಷಯವು ಹೊಸದಾದರೂ ಅದರ ತಿರುಳಾದ ಪ್ರಶ್ನೆಯು ಹಳೆಯದು. ಎಲ್ಲರಿಗೂ ಬೇಕಾದ ದೊಡ್ಡ ಕಾರ್ಯವೊಂದನ್ನು ಒಬ್ಬನು ಸ್ವಂತ ದ್ರವ್ಯದಿಂದ ಮಾಡಿದಾಗ ಅದರ ಫಲವು ಯಾರದು? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಚರಿತ್ರೆಯಲ್ಲಿ ಈ ಪ್ರಶ್ನೆಗೆ ವಿಚಾರಾರ್ಹವಾದ ಉತ್ತರವೊಂದು ದೊರೆಯುತ್ತದೆ.

ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಈ ಸೀಮೆಯನ್ನು ೧೮೦೦ರಲ್ಲಿ ಹೈದರಾಬಾದಿನ ನಿಜಾಮನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟನು. ವ್ಯಾಪಾರಕ್ಕಾಗಿ ಹುಟ್ಟಿದ ಕಂಪೆನಿಯೊಂದು ೧೮೫೮ರವರೆಗೆ ಇಲ್ಲಿ ಸರಕಾರವೇ ಆಗಿತ್ತು. ಇಂದು ಪರಸ್ಪರ ವಿರುದ್ಧವೆಂಬಂತೆ ಹೇಳಲಾಗುವ ‘ಕಂಪೆನಿ’, ‘ಸರಕಾರ’ ಎಂಬ ಶಬ್ದಗಳು ಎರಡು ತಲೆಮಾರುಗಳ ಕಾಲ ಇಲ್ಲಿ ಒಂದೇ ಅರ್ಥವನ್ನು ಹೊಂದಿದ್ದುವು. ಕಂಪೆನಿಯೇ ಸರಕಾರವಾದಾಗ, ಅದು ಮಾಡಿಕೊಂಡ ಒಪ್ಪಂದವನ್ನು ಪಾಲಿಸುವಂತೆ ನೋಡಿಕೊಳ್ಳುವವರು ಆ ಊರುಗಳಲ್ಲಿ ಬೇರೆ ಯಾರೂ ಇರಲಿಲ್ಲ.

ಇದಕ್ಕೂ ಹಿಂದಿನಿಂದ ಬಂದ ಬೇರೊಂದು ಪದ್ಧತಿಯೂ ಇಲ್ಲಿ ಉಂಟು. ಮಳೆ ಕಡಿಮೆಯಾದ ಈ ನಾಡಿಗೆ ಕೆರೆಯೇ ಆಧಾರ. ರಾಜನು ಎಲ್ಲ ಕೆರೆಗಳನ್ನೂ ತಾನೇ ಕಟ್ಟಿಸಲಾರನು. ಆದಕಾರಣ, ಸ್ವಂತ ಹಣದಿಂದ ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಒಡೆದ ಕೆರೆಯನ್ನು ಸರಿಪಡಿಸಿದವನಿಗೆ ಅದರ ಕೆಳಗಣ ಭೂಮಿಯಲ್ಲಿ ಇಲ್ಲವೆ ಕಂದಾಯದಲ್ಲಿ ಒಂದಂಶವನ್ನು ಬಿಡುತ್ತಿದ್ದರು. ವಿಜಯನಗರ ಕಾಲದ ಶಾಸನಗಳಲ್ಲಿ ಇದಕ್ಕೆ ದಶವಂದವೆಂದು ಹೆಸರು; ಕಂಪೆನಿಗೆ ಬಿಟ್ಟುಕೊಟ್ಟ ಈ ಜಿಲ್ಲೆಗಳ ಕಂದಾಯದ ಲೆಕ್ಕಗಳಲ್ಲಿ ಇದೇ ದಶಬಂಧ ಇನಾಮು. ಹೆಸರು ಹತ್ತರಲ್ಲೊಂದು ಪಾಲನ್ನು ಸೂಚಿಸಿದರೂ ಪ್ರಮಾಣವು ಎಲ್ಲೆಡೆಯೂ ಒಂದೇ ಆಗಿರಲಿಲ್ಲ.

ಈ ಪದ್ಧತಿಯಲ್ಲಿ ಮೂರು ಅಂಶಗಳು ಗಮನಾರ್ಹ. ಒಂದು, ಕಟ್ಟಿದವನಿಗೆ ನಿಶ್ಚಿತವಾದ ಪ್ರತಿಫಲವುಂಟು. ಅವನನ್ನು ಬರಿಯ ಪುಣ್ಯದ ಮಾತಿನಿಂದ ತೃಪ್ತಿಪಡಿಸುವುದಿಲ್ಲ. ಎರಡು, ಅವನ ಪಾಲು ಭೂಮಿಯಲ್ಲಿ ಇಲ್ಲವೆ ಕಂದಾಯದಲ್ಲಿ ಮಾತ್ರ. ತೂಬಿನ ನೀರು ಅಚ್ಚುಕಟ್ಟಿನವರೆಲ್ಲರದು. ಮೂರು, ಏರಿಯನ್ನು ಸುಸ್ಥಿತಿಯಲ್ಲಿ ಇಟ್ಟಿರುವವರೆಗೆ ಇನಾಮು. ಉಪೇಕ್ಷಿಸಿದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಧಿಕಾರ ಸರಕಾರಕ್ಕೆ. ವ್ಯೋಮಕಾರ್ಯವನ್ನು ಈ ಮೂರು ಅಂಶಗಳಿಂದ ಪರೀಕ್ಷಿಸಬಹುದು.

ಮೊದಲು ಕಟ್ಟುವವನ ವಿಷಯ. ಯಾರೂ ಕೊಳ್ಳದ ವಸ್ತುವನ್ನು ಕಂಪೆನಿಯು ಮಾಡಲಾರದು. ೧೯೭೫ರ ಏಪ್ರಿಲಿನಲ್ಲಿ ಕಕ್ಷೆ ಸೇರಿದ ‘ಆರ್ಯಭಟ’ವನ್ನು ಯು. ಆರ್. ರಾಯರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ಸಿದ್ಧಪಡಿಸಿದಾಗ ಅಂತಹ ಉಪಗ್ರಹಕ್ಕೆ ಈ ದೇಶದಲ್ಲಿ ಗಿರಾಕಿಯೇ ಇರಲಿಲ್ಲ. ಕೂಡ್ಲಿಗಿಯ ದಕ್ಷಿಣಕ್ಕಿರುವ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ನಡೆದ ಪ್ರಯೋಗವೂ ಇಂತಹುದೇ. ಅಲ್ಲಿ ಇಸ್ರೋ ಸಂಸ್ಥೆಯವರು ರೆಕ್ಕೆಯುಳ್ಳ ‘ಪುಷ್ಪಕ್’ ವಾಹನವನ್ನು ಹೆಲಿಕಾಪ್ಟರಿನಿಂದ ಸುಮಾರು ೪.೫ ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಟ್ಟರು. ಅದು ಚಾಲಕನಿಲ್ಲದೆ ತಾನಾಗಿಯೇ ರನ್‌ವೇಗೆ ಇಳಿಯಿತು. ೨೦೨೩ರ ಏಪ್ರಿಲ್ ೨, ೨೦೨೪ರ ಮಾರ್ಚ್ ೨೨ ಮತ್ತು ಜೂನ್ ೨೩ರಂದು ಈ ಪರೀಕ್ಷೆಯು ಮೂರು ಸಲ ಸಫಲವಾಯಿತು. ಇದರ ಫಲವು ಮಾರಾಟಕ್ಕೆ ಬರಲು ಎಷ್ಟು ವರ್ಷಗಳು ಬೇಕೆಂಬುದನ್ನು ಯಾವ ವ್ಯಾಪಾರಿಯೂ ಲೆಕ್ಕಹಾಕಲಾರನು.

ಖಾಸಗಿ ಸಾಹಸವು ಗಿರಾಕಿಯಿಲ್ಲದೆ ಹೇಗೆ ನಿಲ್ಲುತ್ತದೆಂಬುದಕ್ಕೆ ಬೆಂಗಳೂರಿನ ಟೀಮ್ ಇಂಡಸ್ ಸಂಸ್ಥೆಯೇ ನಿದರ್ಶನ. ಚಂದ್ರನ ಮೇಲೆ ಇಳಿದು ಸಂಚರಿಸುವ ಖಾಸಗಿ ಯಂತ್ರಕ್ಕೆ ಗೂಗಲ್ ಕಂಪೆನಿಯ ನೆರವಿನಿಂದ ೨೦೦೭ರಲ್ಲಿ ಬಹುಮಾನವೊಂದು ಸಾರಲ್ಪಟ್ಟಿತು. ಈ ಸ್ಪರ್ಧೆಯಲ್ಲಿ ಆ ಸಂಸ್ಥೆಯು ೨೦೧೫ರಲ್ಲಿ ೧೦ ಲಕ್ಷ ಡಾಲರುಗಳ ಮಧ್ಯಂತರ ಬಹುಮಾನವನ್ನೂ ಪಡೆಯಿತು. ಆದರೆ ಉಡಾವಣೆಯ ಒಪ್ಪಂದವು ೨೦೧೮ರ ಜನವರಿಯಲ್ಲಿ ರದ್ದಾಯಿತು. ಮಾರ್ಚಿನಲ್ಲಿ ಮುಖ್ಯ ಬಹುಮಾನವೂ ಯಾರಿಗೂ ಸಲ್ಲದೆ ಮುಗಿಯಿತು. ಭಾರತದ ಯಂತ್ರವು ಚಂದ್ರನ ದಕ್ಷಿಣ ಧ್ರುವದ ಕಡೆಯ ನೆಲದಲ್ಲಿ ಇಳಿದದ್ದು ೨೦೨೩ರ ಆಗಸ್ಟ್ ೨೩ರಂದು, ಸುಮಾರು ೬೧೫ ಕೋಟಿ ರೂಪಾಯಿಗಳ ಸರಕಾರಿ ವೆಚ್ಚದಿಂದ.

ಆದರೂ ಕಂಪೆನಿಗಳ ಸಾಮರ್ಥ್ಯವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಅಮೆರಿಕದ ಸ್ಪೇಸ್ ಎಕ್ಸ್ ಕಂಪೆನಿಯು ೨೦೦೨ರಲ್ಲಿ ಸ್ಥಾಪಿತವಾಯಿತು. ಅದರ ಮೊದಲ ಮೂರು ರಾಕೆಟ್ಟುಗಳು ವಿಫಲವಾಗಿ, ನಾಲ್ಕನೆಯದು ೨೦೦೮ರ ಸೆಪ್ಟೆಂಬರಿನಲ್ಲಿ ಕಕ್ಷೆಯನ್ನು ಮುಟ್ಟಿತು. ೨೦೧೫ರ ಡಿಸೆಂಬರಿನಲ್ಲಿ ಅದು ಕಕ್ಷೆಗೆ ಭಾರ ಹೊತ್ತ ರಾಕೆಟ್ಟಿನ ಮೊದಲ ಹಂತವನ್ನು ಮರಳಿ ನೆಲಕ್ಕಿಳಿಸಿ ಉಡಾವಣೆಯ ವೆಚ್ಚದ ಲೆಕ್ಕವನ್ನೇ ಬದಲಾಯಿಸಿತು. ಆದರೆ ನಡುವೆ, ೨೦೦೮ರ ಡಿಸೆಂಬರಿನಲ್ಲಿ, ಅಮೆರಿಕ ಸರಕಾರದ ನಾಸಾ ಸಂಸ್ಥೆಯು ೧೨ ಸರಕು ಯಾನಗಳಿಗಾಗಿ ೧೬೦ ಕೋಟಿ ಡಾಲರುಗಳ ಒಪ್ಪಂದವನ್ನು ಅದಕ್ಕೆ ಕೊಟ್ಟಿತ್ತೆಂಬುದನ್ನು ಮರೆಯಲಾಗದು. ಇದು ದಶವಂದದ ಮೊದಲನೆಯ ಅಂಶ: ಕಟ್ಟುವವನಿಗೆ ನಿಶ್ಚಿತವಾದ ಪ್ರತಿಫಲ. ಬೆಂಗಳೂರಿನ ಸಂಸ್ಥೆಗೆ ಗೆದ್ದಮೇಲೆ ಬರಬಹುದಾದ ಬಹುಮಾನವಿತ್ತು. ಆದರೆ ಇಂತಹ ಒಪ್ಪಂದವಿರಲಿಲ್ಲ.

ಎರಡನೆಯ ಅಂಶವಾದ ತೂಬಿನ ನೀರಿನ ವಿಷಯದಲ್ಲಿ ಅಮೆರಿಕದ ಅನುಭವವು ಎಚ್ಚರಿಕೆಯನ್ನು ಕೊಡುತ್ತದೆ. ಭೂಮಿಯ ಚಿತ್ರಗಳನ್ನು ತೆಗೆಯುವ ‘ಲ್ಯಾಂಡ್‌ಸ್ಯಾಟ್’ ಉಪಗ್ರಹಗಳನ್ನು ಅಲ್ಲಿನ ಸರಕಾರವು ೧೯೭೨ರಿಂದ ಹಾರಿಸುತ್ತಿತ್ತು. ೧೯೮೪ರ ಕಾನೂನೊಂದರ ಫಲವಾಗಿ ಅವುಗಳ ಚಿತ್ರಗಳ ಮಾರಾಟವು ಕಂಪೆನಿಯ ಕೈಸೇರಿತು. ಒಂದು ಚಿತ್ರದ ಬೆಲೆ ೪,೦೦೦ ಡಾಲರುಗಳನ್ನೂ ಮೀರಿತು. ವಿಶ್ವವಿದ್ಯಾನಿಲಯಗಳವರು ಕೊಳ್ಳುವುದನ್ನು ಕಡಿಮೆಮಾಡಿದರು. ೧೯೯೨ರಲ್ಲಿ ಕಾರ್ಯವನ್ನು ಸರಕಾರಕ್ಕೆ ಹಿಂದಿರುಗಿಸಲು ಕಾನೂನಾಯಿತು. ೨೦೦೮ರಲ್ಲಿ ಚಿತ್ರಗಳನ್ನು ಉಚಿತವಾಗಿ ಕೊಡಲಾರಂಭಿಸಿದೊಡನೆ ಉಪಯೋಗವು ಹಲವು ಪಟ್ಟು ಹೆಚ್ಚಿತು. ಉಪಗ್ರಹಗಳ ಬಗೆ ಅದೇ. ಬದಲಾದದ್ದು ನೀರನ್ನು ಬಿಡುವ ನಿಯಮ ಮಾತ್ರ. ಕೆರೆಯ ನೀರನ್ನಾದರೂ ಒಬ್ಬನು ಬಳಸಿದರೆ ಮತ್ತೊಬ್ಬನಿಗೆ ಅಷ್ಟು ಕಡಿಮೆ. ಚಿತ್ರವನ್ನು ಸಾವಿರ ಜನ ನೋಡಿದರೂ ಅದು ಸವೆಯದು. ಹೀಗಿರಲು ಇಲ್ಲಿ ತೂಬನ್ನು ಮುಚ್ಚುವುದರಿಂದ ಉಳಿತಾಯವಾಗುವುದು ಏನೂ ಇಲ್ಲ.

ಭಾರತದಲ್ಲಿ ಈ ಕ್ಷೇತ್ರವು ೨೦೨೦ರಲ್ಲಿ ಕಂಪೆನಿಗಳಿಗೆ ತೆರೆಯಲ್ಪಟ್ಟಿತು. ೨೦೨೩ರ ವ್ಯೋಮನೀತಿಯ ಪ್ರಕಾರ ಇಸ್ರೋ ಉಪಗ್ರಹಗಳ ೫ ಮೀಟರು ಹಾಗೂ ಅದಕ್ಕಿಂತ ಸ್ಥೂಲವಾದ ಚಿತ್ರಗಳು ಎಲ್ಲರಿಗೂ ಉಚಿತ. ಸೂಕ್ಷ್ಮತರವಾದವು ಸರಕಾರದ ಶಾಖೆಗಳಿಗೆ ಉಚಿತ, ಉಳಿದವರಿಗೆ ಬೆಲೆಗೆ. ೨೦೨೫ರ ಆಗಸ್ಟಿನಲ್ಲಿ ಬೆಂಗಳೂರಿನ ಪಿಕ್ಸೆಲ್ ಕಂಪೆನಿಯ ಮುಂದಾಳುತನದ ಕೂಟವು ಐದು ವರ್ಷಗಳಲ್ಲಿ ೧೨ ಭೂವೀಕ್ಷಣ ಉಪಗ್ರಹಗಳನ್ನು ೧,೨೦೦ ಕೋಟಿ ರೂಪಾಯಿಗಳಿಗೂ ಮಿಕ್ಕ ಸ್ವಂತ ಹಣದಿಂದ ನಿರ್ಮಿಸಲು ಆಯ್ಕೆಯಾಯಿತು. ಇದು ಪ್ರಶಂಸನೀಯವಾದ ಕಾರ್ಯ. ಆದರೆ ಪಂಚತಾಲ್ಲೂಕುಗಳ ಹಿತವು ಅಡಗಿರುವುದೂ ಇಲ್ಲಿಯೇ. ದೊಡ್ಡ ಕೆರೆಯ ಹರವು ಸ್ಥೂಲವಾದ ಚಿತ್ರದಲ್ಲಿಯೂ ಕಾಣುತ್ತದೆ. ಹೊಲದ ಬದು, ಕೋಡಿಯ ಕೊರಕಲು, ಹರಪನಹಳ್ಳಿಯ ಸಣ್ಣ ಹಿಡುವಳಿಯ ಬಾಡಿದ ಮೆಕ್ಕೆಜೋಳ ಇವು ಕಾಣಲು ಸೂಕ್ಷ್ಮವಾದ ಚಿತ್ರವೇ ಬೇಕು. ಅದನ್ನು ಬೆಲೆ ಕೊಟ್ಟು ಕೊಳ್ಳಲು ಶಕ್ತರಾದವರು ವಿಮಾ ಕಂಪೆನಿಯವರೂ ಧಾನ್ಯದ ದೊಡ್ಡ ವರ್ತಕರೂ. ಬೆಳೆ ಹೋಯಿತೆಂಬುದು ಹೊಲದ ಒಡೆಯನಿಗಿಂತ ಸ್ಪಷ್ಟವಾಗಿ ಅವರಿಗೆ ತಿಳಿದು, ಅವನ ಕೈಯಲ್ಲಿ ಸಾಕ್ಷ್ಯವಿಲ್ಲದಂತಾದರೆ, ವಾದದಲ್ಲಿ ಸೋಲುವವನು ಅವನೇ.

ಮೂರನೆಯ ಅಂಶವಾದ ಮೇಲ್ವಿಚಾರಣೆಗೆ ಆಧಾರವು ಆಗಲೇ ಇದೆ. ೧೯೬೭ರ ವ್ಯೋಮ ಒಡಂಬಡಿಕೆಯ ಆರನೆಯ ವಿಧಿಯು, ಖಾಸಗಿಯವರ ವ್ಯೋಮಕಾರ್ಯಗಳಿಗೂ ಅವರವರ ರಾಷ್ಟ್ರವೇ ಹೊಣೆಯೆಂದೂ, ಅನುಮತಿ ಕೊಡುವುದೂ ನಿರಂತರವಾಗಿ ನೋಡಿಕೊಳ್ಳುವುದೂ ಅದರ ಕರ್ತವ್ಯವೆಂದೂ ವಿಧಿಸುತ್ತದೆ. ಹಿಂದೆ ಈ ಸೀಮೆಯನ್ನಾಳಿದ ಕಂಪೆನಿಯಂತೆ ಇಂದಿನ ಕಂಪೆನಿಯು ತಾನೇ ಸರಕಾರವಾಗಲು ಈ ವಿಧಿಯು ಎಡೆಗೊಡದು.

ಆದುದರಿಂದ ಸರಕಾರವೋ ಕಂಪೆನಿಯೋ ಎಂಬ ವಾದಕ್ಕಿಂತ ಅವರ ನಡುವಣ ಒಪ್ಪಂದದ ಷರತ್ತುಗಳು ಮುಖ್ಯವೆಂದು ತಿಳಿಯಬೇಕಾಗಿದೆ. ಗಿರಾಕಿಯಿಲ್ಲದ ಮೊದಲ ಸಾಹಸವು ಸರಕಾರದ್ದು. ತಿಳಿದ ಕೆಲಸವನ್ನು ಅಗ್ಗವಾಗಿ, ಬೇಗನೆ ಮಾಡುವುದು ಕಂಪೆನಿಯದು. ಅದಕ್ಕೆ ಸಲ್ಲತಕ್ಕ ಪ್ರತಿಫಲವು ಸಲ್ಲಲಿ. ಆದರೆ ಬರದ ವರ್ಷದಲ್ಲಿ ಯಾವ ಚಿತ್ರಗಳು ಪಂಚಾಯಿತಿಗೂ ರೈತನಿಗೂ ಉಚಿತವಾಗಬೇಕು, ಉಳಿದವು ಎಷ್ಟು ವರ್ಷಗಳಾದಮೇಲೆ ವಿದ್ವಾಂಸರಿಗೆ ದೊರೆಯಬೇಕು ಎಂಬುದನ್ನು ಉಡಾವಣೆಗೆ ಮೊದಲೇ ಬರೆದಿಡುವುದು ಅಗತ್ಯ. ಕೆರೆಯನ್ನು ಕಟ್ಟಿದವನಿಗೆ ಇನಾಮು, ನೀರು ಊರಿಗೆ ಎಂಬ ನ್ಯಾಯವು ಕಲ್ಲಿನ ಶಾಸನಕ್ಕೆ ಹೇಗೋ ಹಾಗೆಯೇ ಕಾಗದದ ಒಪ್ಪಂದಕ್ಕೂ ಸಲ್ಲತಕ್ಕದ್ದು.